‘ಏನ್ ಬೇಕಂತೆ?’: ಎಸ್‌ಎಟಿ ನೋಟ್ಸ್ ಪ್ರಶ್ನೆಗಳಿಗೆ ನನ್ನ ಟಿಪ್ಪಣಿ

ಅಮೆರಿಕದ ಕಾಲೇಜುಗಳಿಗೆ ಸೇರಲು ಬರೆಯುವ ಪರೀಕ್ಷೆ ಎಸ್‌ಎಟಿ. ಅದರ ಮೊದಲ ಪ್ರಾಕ್ಟೀಸ್ ಟೆಸ್ಟ್‌ನಲ್ಲಿ ಟೈಮರ್ ಒಂದೂವರೆ ನಿಮಿಷ ತೋರಿಸುತ್ತಿದ್ದಾಗ ನನಗೆ ಇನ್ನೂ ನಾಲ್ಕು ಪ್ರಶ್ನೆ ಬಾಕಿ ಇದ್ದವು. ನಾಲ್ಕೂ ಒಂದೇ ಥರ. ಮೇಲೆ ಚುಕ್ಕಿ ಹಾಕಿದ ನಾಲ್ಕೈದು ಸಾಲು ನೋಟ್ಸ್, ಕೆಳಗೆ ಒಂದು ಪ್ರಶ್ನೆ, ಅದರ ಕೆಳಗೆ ಉದ್ದುದ್ದ ನಾಲ್ಕು ವಾಕ್ಯ. ಗಾಬರಿಯಲ್ಲಿ ನಾಲ್ಕಕ್ಕೂ ಸಿ ಒತ್ತಿದೆ. ಮೂರು ತಪ್ಪಾದವು. ಸಂಜೆ ಚಹಾ ಕುಡಿದು ಸಾವಕಾಶ ಕೂತು ನೋಡಿದರೆ ಹೊಟ್ಟೆ ಉರಿಯಿತು. ಇಡೀ ಪೇಪರಿನಲ್ಲಿ ಸುಲಭದ ಪ್ರಶ್ನೆಗಳು ಅವೇ ಆಗಿದ್ದವು.

ದಾವಣಗೆರೆಯಲ್ಲಿ ಸಿಇಟಿ, ನೀಟ್‌ಗೆ ಓದುವವರು ಬೀದಿಗೊಬ್ಬರು ಸಿಗುತ್ತಾರೆ. ಎಸ್‌ಎಟಿಗೆ ಓದುವವರು ಕಡಿಮೆ. ಕೇಳೋಣ ಅಂದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅದಕ್ಕೇ ನಾನು ಪುಸ್ತಕದಲ್ಲಿ ಗೀಚಿಕೊಂಡಿದ್ದನ್ನು ಸ್ವಲ್ಪ ತಿದ್ದಿ ಇಲ್ಲಿ ಬರೆಯುತ್ತಿದ್ದೇನೆ.

ಹೊಸಬರಿಗೆ ಪರೀಕ್ಷೆಯ ಲೆಕ್ಕ ಮೊದಲು. ರೀಡಿಂಗ್ ಅಂಡ್ ರೈಟಿಂಗ್ ವಿಭಾಗದಲ್ಲಿ ಎರಡು ಮಾಡ್ಯೂಲ್, ಅಂದರೆ ಎರಡು ಭಾಗ. ಒಂದೊಂದರಲ್ಲಿ 27 ಪ್ರಶ್ನೆ, 32 ನಿಮಿಷ. ಅಂದರೆ ಪ್ರಶ್ನೆಗೆ 71 ಸೆಕೆಂಡ್. ನೋಟ್ಸ್ ಪ್ರಶ್ನೆಗೆ ಪರೀಕ್ಷೆ ನಡೆಸುವವರು ಇಟ್ಟ ಹೆಸರು ರೆಟಾರಿಕಲ್ ಸಿಂಥೆಸಿಸ್. ಹೆಸರು ಕೇಳಿ ಹೆದರಬೇಡಿ. ಇವೂ ಟ್ರಾನ್ಸಿಷನ್ ಪ್ರಶ್ನೆಗಳೂ (ಎರಡು ವಾಕ್ಯ ಜೋಡಿಸುವ ಪದ ಆರಿಸುವಂಥವು) ಸೇರಿ ಎರಡು ಮಾಡ್ಯೂಲಿಗೆ ಎಂಟರಿಂದ ಹನ್ನೆರಡು ಬರುತ್ತವೆ. ಬರುವುದು ಮಾಡ್ಯೂಲಿನ ಕಟ್ಟಕಡೆಗೆ. ತೊಂದರೆ ಇರುವುದು ಅಲ್ಲೇ. ಅದಕ್ಕೂ ಮೊದಲು ಬರುವ ಕವಿತೆ, ಹಳೇ ಕಾದಂಬರಿಯ ತುಣುಕು ಇಂಥವು ನಮ್ಮ ಸಮಯ ತಿಂದು ಹಾಕಿರುತ್ತವೆ.

ಈಗ ವಿಷಯಕ್ಕೆ ಬರೋಣ. ಈ ಪ್ರಶ್ನೆಗಳೆಲ್ಲ ಒಂದೇ ಅಚ್ಚಿನವು. ಒಬ್ಬ ವಿದ್ಯಾರ್ಥಿ ಯಾವುದೋ ವಿಷಯದ ಬಗ್ಗೆ ನೋಟ್ಸ್ ಮಾಡಿಕೊಂಡಿದ್ದಾನೆ. ಕೆಳಗೆ ‘ದ ಸ್ಟೂಡೆಂಟ್ ವಾಂಟ್ಸ್ ಟು’ ಅಂತ ಶುರುವಾಗುವ ಒಂದು ಸಾಲು. ಆ ಉದ್ದೇಶಕ್ಕೆ ಯಾವ ವಾಕ್ಯ ಚೆನ್ನಾಗಿ ಹೊಂದುತ್ತದೆ ಅನ್ನುವುದೇ ಪ್ರಶ್ನೆ. ಶಾಲೆಯ ಅಭ್ಯಾಸದಂತೆ ನಾವು ಮೇಲಿನಿಂದ ಓದಲು ಶುರು ಮಾಡುತ್ತೇವೆ. ನೋಟ್ಸ್ ಓದಿ ಮುಗಿಸುವುದರಲ್ಲೇ ಅರ್ಧ ನಿಮಿಷ ಹೋಯಿತು. ಅದೂ ಯಾಕೆ ಓದುತ್ತಿದ್ದೇವೆ ಅಂತ ಗೊತ್ತಿಲ್ಲದೆ ಓದಿದ್ದು.

ಚಿತ್ರದುರ್ಗದ ನನ್ನ ಗೆಳತಿಯೊಬ್ಬಳು ಇದಕ್ಕೆ ಒಂದು ದಾರಿ ಹಿಡಿದಿದ್ದಳು. ನೋಟ್ಸ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನೇರ ‘ವಾಂಟ್ಸ್ ಟು’ ಸಾಲಿಗೆ ಇಳಿದು, ರಫ್ ಹಾಳೆಯಲ್ಲಿ ಕನ್ನಡದಲ್ಲಿ ಎರಡು ಮೂರೇ ಪದ ಬರೆಯುತ್ತಿದ್ದಳು. ‘ಹೋಲಿಕೆ ಬೇಕು.’ ‘ಉದಾಹರಣೆ ಬೇಕು.’ ‘ಯಾವಾಗ ಅಂತ ಬೇಕು.’ ಬೆಣ್ಣೆ ದೋಸೆ ಹೋಟೆಲಿನಲ್ಲಿ ಸಪ್ಲೈಯರ್ ‘ಏನ್ ಬೇಕ್ರಿ?’ ಅಂತ ಕೇಳುತ್ತಾರಲ್ಲ, ಹಾಗೆ. ನೀವು ಖಾಲಿ ದೋಸೆ ಹೇಳಿದ್ದೀರಿ, ಟೇಬಲ್‌ಗೆ ಓಪನ್ ದೋಸೆ ಬಂತು. ಅದೂ ಬಿಸಿಯಾಗಿದೆ, ಬೆಣ್ಣೆಯೂ ಜಾಸ್ತಿ ಇದೆ. ಆದರೂ ನೀವು ಹೇಳಿದ್ದು ಅದಲ್ಲ. ನೋಟ್ಸ್ ಪ್ರಶ್ನೆಯ ತಪ್ಪು ಉತ್ತರಗಳೆಲ್ಲ ಈ ಓಪನ್ ದೋಸೆ ಇದ್ದ ಹಾಗೆ. ಸುಳ್ಳಲ್ಲ, ವ್ಯಾಕರಣ ಕೆಟ್ಟಿಲ್ಲ, ನೋಟ್ಸ್‌ನಲ್ಲಿ ಇರುವುದನ್ನೇ ಹೇಳುತ್ತವೆ. ಕೇಳಿದ್ದನ್ನು ಮಾತ್ರ ಕೊಡುವುದಿಲ್ಲ.

ನಮ್ಮ ಕಡೆಯ ವಿಷಯವನ್ನೇ ಇಟ್ಟುಕೊಂಡು ಒಂದು ಪ್ರಶ್ನೆ ಕಟ್ಟಿದ್ದೇನೆ. ಪರೀಕ್ಷೆಯಲ್ಲಿ ಇದೆಲ್ಲ ಇಂಗ್ಲಿಷಿನಲ್ಲೇ ಇರುತ್ತದೆ. ಆದರೆ ಪಟ್ಟು ತಿಳಿಯಲು ಕನ್ನಡವೇ ಸಲೀಸು.

• ಸೂಳೆಕೆರೆ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲೂಕಿನಲ್ಲಿದೆ. ಅದಕ್ಕೆ ಶಾಂತಿಸಾಗರ ಎಂದೂ ಹೆಸರಿದೆ.
• ಅದನ್ನು ಶತಮಾನಗಳ ಹಿಂದೆ ಕಟ್ಟಿದರು.
• ಅದರ ನೀರು ಸುತ್ತಲಿನ ಹೊಲಗದ್ದೆಗಳಿಗೆ ಹೋಗುತ್ತದೆ.
• ವಾಣಿವಿಲಾಸ ಸಾಗರ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲೂಕಿನಲ್ಲಿ, ವೇದಾವತಿ ನದಿಗೆ ಅಡ್ಡಲಾಗಿದೆ.
• ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು.
• ಅದರ ನೀರು ಹಿರಿಯೂರು ಕಡೆಯ ಜಮೀನುಗಳಿಗೆ ಹೋಗುತ್ತದೆ.

ವಿದ್ಯಾರ್ಥಿಗೆ ಬೇಕಾಗಿರುವುದು: ಎರಡೂ ಜಲಾಶಯಗಳ ನಡುವಿನ ಸಾಮ್ಯವನ್ನು ಒತ್ತಿ ಹೇಳುವುದು.

ಎ) ವೇದಾವತಿಗೆ ಅಡ್ಡಲಾಗಿರುವ ವಾಣಿವಿಲಾಸ ಸಾಗರವನ್ನು ಕಟ್ಟಲು 1898ರಿಂದ 1907ರವರೆಗೆ ಸಮಯ ಹಿಡಿಯಿತು.
ಬಿ) ಸೂಳೆಕೆರೆ ಚನ್ನಗಿರಿ ತಾಲೂಕಿನಲ್ಲಿದ್ದರೆ ವಾಣಿವಿಲಾಸ ಸಾಗರ ಹಿರಿಯೂರು ತಾಲೂಕಿನಲ್ಲಿದೆ.
ಸಿ) ಕಟ್ಟಿದ ಕಾಲ ಬೇರೆ ಬೇರೆಯಾದರೂ ಸೂಳೆಕೆರೆ, ವಾಣಿವಿಲಾಸ ಸಾಗರ ಎರಡೂ ಜಮೀನುಗಳಿಗೆ ನೀರು ಕೊಡುತ್ತವೆ.
ಡಿ) ಶಾಂತಿಸಾಗರ ಎಂದೂ ಕರೆಯುವ ಸೂಳೆಕೆರೆಯನ್ನು ಶತಮಾನಗಳ ಹಿಂದೆ ಕಟ್ಟಿದರು, ಅದರ ನೀರು ಹೊಲಗದ್ದೆಗಳಿಗೆ ಹೋಗುತ್ತದೆ.

‘ಸಾಮ್ಯ ಬೇಕು, ಎರಡರದ್ದೂ ಬೇಕು’ ಅಂತ ಬರೆದುಕೊಂಡು ನೋಡಿ. ಎ ಮತ್ತು ಡಿ ಒಂದೊಂದರ ಬಗ್ಗೆ ಮಾತ್ರ ಹೇಳುತ್ತವೆ. ಪೂರ್ತಿ ಓದುವ ಮೊದಲೇ ಹೊಡೆದು ಹಾಕಬಹುದು. ಬಿ ಎರಡರ ಹೆಸರನ್ನೂ ಎತ್ತುತ್ತದೆ, ಆದರೆ ಹೇಳುವುದು ವ್ಯತ್ಯಾಸ. ಉಳಿದದ್ದು ಸಿ. ನೋಟ್ಸ್‌ನ ಒಂದು ಸಾಲನ್ನೂ ಓದದೆ ಇಲ್ಲಿಗೆ ಬಂದೆವು, ಅಲ್ವಾ?

ಸಿ ಕಂಡು ಕೆಲವರು ಹಿಂದೇಟು ಹಾಕುತ್ತಾರೆ. ‘ಬೇರೆ ಬೇರೆಯಾದರೂ’ ಅಂತ ಶುರುವಾಗಿದೆಯಲ್ಲ, ಇದು ವ್ಯತ್ಯಾಸ ಅಲ್ಲವೇ ಅಂತ. ನಾನೂ ಹೀಗೇ ಮುಗ್ಗರಿಸಿದ್ದೆ. ಇಂಗ್ಲಿಷಿನಲ್ಲಿ ‘ಆಲ್ದೋ’, ‘ವೈಲ್’ ಅಂತ ಶುರುವಾಗುವ ಭಾಗ ಹೊಸ್ತಿಲು ಇದ್ದ ಹಾಗೆ, ದಾಟಿ ಹೋಗುವುದಕ್ಕೆ. ಮನೆ ಇರುವುದು ಅಲ್ಪವಿರಾಮದ ಆಚೆ. ಒತ್ತು ಯಾವುದಕ್ಕೆ ಅಂತ ತಿಳಿಯಬೇಕಾದರೆ ಆ ಮುಖ್ಯ ಭಾಗವನ್ನು ಓದಿ. ಅಲ್ಲಿ ‘ಬೋತ್’ ಇದೆಯೋ, ‘ಡಿಫರ್’ ಇದೆಯೋ ನೋಡಿ.

ಈಗ ಅವೇ ನಾಲ್ಕು ವಾಕ್ಯ ಇಟ್ಟುಕೊಂಡು ಉದ್ದೇಶವನ್ನು ಬದಲಿಸಿ. ‘ಕಟ್ಟಲು ಎಷ್ಟು ಕಾಲ ಹಿಡಿಯಿತು ಅಂತ ಹೇಳಬೇಕು’ ಅಂದರೆ ಎ ಸರಿ. ‘ಎರಡೂ ಇರುವ ಜಾಗದ ವ್ಯತ್ಯಾಸ ತೋರಿಸಬೇಕು’ ಅಂದರೆ ಬಿ. ‘ಸೂಳೆಕೆರೆಯನ್ನು ಪರಿಚಯಿಸಬೇಕು’ ಅಂದರೆ ಡಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ಇದನ್ನು ಮಾಡಿ ನೋಡಿ. ತಪ್ಪು ಉತ್ತರ ಯಾವ ಪ್ರಶ್ನೆಗೆ ಸರಿ ಉತ್ತರವಾಗುತ್ತಿತ್ತು ಅಂತ ಪಕ್ಕದಲ್ಲಿ ಬರೆಯಿರಿ. ಹತ್ತು ಪ್ರಶ್ನೆಗೆ ಹೀಗೆ ಮಾಡಿದ ಮೇಲೆ ನನ್ನ ಕಣ್ಣು ತಾನಾಗಿಯೇ ಪಳಗಿತು. ನೂರು ಪ್ರಶ್ನೆ ಸುಮ್ನೆ ಬಿಡಿಸಿಕೊಂಡು ಹೋಗುವುದಕ್ಕಿಂತ ಇದು ವಾಸಿ ಅನ್ನುವುದು ನನ್ನ ಅನುಭವ.

ಮತ್ತೊಂದು ಬಲೆ ಇದೆ, ಬುದ್ಧಿವಂತರೇ ಬೀಳುವಂಥದ್ದು. ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದದ್ದು ನಮ್ಮ ಕಡೆ ಎಲ್ಲರಿಗೂ ನೆನಪಿದೆ. 1933ರ ನಂತರ ಅದೇ ಮೊದಲು. ಊರೂರಿನಿಂದ ಜನ ಆ ಅಣೆಕಟ್ಟು ಇರುವ ಮಾರಿಕಣಿವೆಗೆ ನೀರು ನೋಡಲು ಹೋದರು. ಆದರೆ ನೋಟ್ಸ್‌ನಲ್ಲಿ ಅದಿಲ್ಲ. ಆದ್ದರಿಂದ ಈ ಪ್ರಶ್ನೆಯ ಮಟ್ಟಿಗೆ ಅದು ನಡೆದೇ ಇಲ್ಲ ಅಂತ ತಿಳಿಯಿರಿ. ವಿಷಯ ನಿಮಗೆ ಎಷ್ಟು ಚೆನ್ನಾಗಿ ಗೊತ್ತಿದ್ದರೂ ಹೊರಗಿನ ತಿಳಿವಳಿಕೆಯನ್ನು ಒಳಗೆ ತರಬೇಡಿ.

ಇನ್ನು ನನಗೆ ಹೆಚ್ಚು ಕಾಟ ಕೊಟ್ಟ ಬಗೆ. ಓದುಗರು ಯಾರು ಅನ್ನುವುದನ್ನೂ ಸೇರಿಸಿ ಕೇಳುತ್ತಾರೆ. ‘ಆನ್ ಆಡಿಯನ್ಸ್ ಅನ್‌ಫೆಮಿಲಿಯರ್ ವಿತ್’ ಅಂದರೆ ಆ ವಿಷಯ ಗೊತ್ತಿಲ್ಲದವರು. ‘ಫೆಮಿಲಿಯರ್’ ಅಂದರೆ ಗೊತ್ತಿರುವವರು. ಓಡುವ ಕಣ್ಣಿಗೆ ‘ಅನ್’ ಕಾಣುವುದಿಲ್ಲ.

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯನ್ನು ತೆಗೆದುಕೊಳ್ಳಿ. ನೋಟ್ಸ್‌ನಲ್ಲಿ ಇಷ್ಟಿದೆ ಅಂತ ಇಟ್ಟುಕೊಳ್ಳೋಣ. ಅಶೋಕ ಕ್ರಿ.ಪೂ. 3ನೇ ಶತಮಾನದ ಮೌರ್ಯ ದೊರೆ. ಜನರಿಗೆ ಹೇಳಬೇಕಾದ ಮಾತುಗಳನ್ನು ಬಂಡೆಗಳ ಮೇಲೆ ಕೆತ್ತಿಸಿದ. 1892ರಲ್ಲಿ ಬಿ. ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಂಥ ಶಾಸನಗಳನ್ನು ಪತ್ತೆ ಮಾಡಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಉದ್ದೇಶ: ಅಶೋಕನ ಶಾಸನ ಅಂದರೆ ಏನಂತ ಗೊತ್ತಿಲ್ಲದ ಓದುಗರಿಗೆ ರೈಸ್ ಅವರ ಶೋಧವನ್ನು ಪರಿಚಯಿಸುವುದು.

ಕೊನೆಗೆ ಎರಡು ವಾಕ್ಯ ಉಳಿಯುತ್ತವೆ. ಒಂದು, ‘1892ರಲ್ಲಿ ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು.’ ಇನ್ನೊಂದು, ‘ಕ್ರಿ.ಪೂ. 3ನೇ ಶತಮಾನದ ಮೌರ್ಯ ದೊರೆ ಅಶೋಕ ಬಂಡೆಗಳ ಮೇಲೆ ಕೆತ್ತಿಸಿದ ಶಾಸನಗಳನ್ನು 1892ರಲ್ಲಿ ರೈಸ್ ಬ್ರಹ್ಮಗಿರಿ ಮತ್ತು ಇನ್ನೆರಡು ಕಡೆ ಪತ್ತೆ ಮಾಡಿದರು.’ ಮೊದಲನೆಯದು ಚುಟುಕಾಗಿ, ಚೊಕ್ಕವಾಗಿದೆ. ಶೋಧದ ಬಗ್ಗೆಯೇ ಹೇಳುತ್ತದೆ. ಆದರೆ ಅಶೋಕ ಯಾರು, ಶಾಸನ ಎಲ್ಲಿರುತ್ತದೆ ಅಂತ ಓದುಗನಿಗೆ ಮೊದಲೇ ಗೊತ್ತಿದೆ ಅಂತ ಅಂದುಕೊಂಡುಬಿಟ್ಟಿದೆ. ಗೊತ್ತಿಲ್ಲದವರಿಗೆ ಎರಡನೆಯದೇ ಬೇಕು. ‘ಫೆಮಿಲಿಯರ್’ ಅಂತ ಕೇಳಿದ್ದರೆ ಮೊದಲನೆಯದು ಸರಿಯಾಗುತ್ತಿತ್ತು, ಎರಡನೆಯದು ಗೊತ್ತಿದ್ದವರಿಗೇ ಪಾಠ ಹೇಳಿದ ಹಾಗಾಗುತ್ತಿತ್ತು. ನಾನು ಇದನ್ನು ಹೀಗೆ ಪರೀಕ್ಷಿಸುತ್ತೇನೆ: ಆ ವಾಕ್ಯವನ್ನು ನಮ್ಮಜ್ಜಿಗೆ ಓದಿ ಹೇಳಿದರೆ ಅವರು ‘ಯಾರಪ್ಪ ಅದು?’ ಅಂತ ಕೇಳುತ್ತಾರಾ? ಕೇಳಿದರೆ ಅದು ಗೊತ್ತಿದ್ದವರ ವಾಕ್ಯ.

ಬ್ರಹ್ಮಗಿರಿಯ ಮಾತು ಬಂತು ಅಂತ ಒಂದು ಸಂಗತಿ. ಅಲ್ಲಿನ ಶಾಸನದ ಕೊನೆಗೆ ಅದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರು ಹಾಕಿದ್ದಾನೆ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ ‘ಲಿಪಿಕಾರನಿಂದ’ ಅನ್ನುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ದೂರದ ವಾಯವ್ಯ ಸೀಮೆಯಲ್ಲಿ. ಎಂಥ ಮಜಾ ಅಲ್ವಾ? ಇದೇನಾದರೂ ಒಂದು ಆಯ್ಕೆಯಾಗಿ ಬಂದಿದ್ದರೆ ನಾನಂತೂ ಕಣ್ಣುಮುಚ್ಚಿ ಅದನ್ನೇ ಒತ್ತುತ್ತಿದ್ದೆ. ಆಸಕ್ತಿ ಹುಟ್ಟಿಸುವ ವಾಕ್ಯ ಕಂಡಾಗಲೆಲ್ಲ ಕೈಯನ್ನು ಒಂದು ಕ್ಷಣ ತಡೆಯಿರಿ. ಪ್ರಶ್ನೆಯ ವಿದ್ಯಾರ್ಥಿಗೆ ಬೇಕಾಗಿದ್ದು ಅದೇನಾ?

ವಿಜ್ಞಾನದ ನೋಟ್ಸ್‌ನಲ್ಲಿ ಮೂರು ಪದ ಬೇರೆ ಮಾಡಿಕೊಂಡರೆ ಸಾಕು. ‘ಏಮ್’ ಅಂದರೆ ಸಂಶೋಧಕರು ಏನು ತಿಳಿಯಲು ಹೊರಟರು. ‘ಮೆಥಡ್’ ಅಂದರೆ ಹೇಗೆ ಮಾಡಿದರು. ‘ಫೈಂಡಿಂಗ್’ ಅಂದರೆ ಕೊನೆಗೆ ಏನು ಕಂಡರು. ಹೆಚ್ಚಿನ ಸಲ ಈ ಮೂರಕ್ಕೂ ಒಂದೊಂದು ವಾಕ್ಯ ಆಯ್ಕೆಗಳಲ್ಲಿ ಇರುತ್ತದೆ. ಹಾಗೆಯೇ ‘ಜನರಲೈಸೇಷನ್’ ಕೇಳಿದರೆ ಒಂದೇ ಊರು, ಒಂದೇ ವರ್ಷಕ್ಕೆ ಅಂಟಿಕೊಂಡ ವಾಕ್ಯ ಬಿಡಿ. ‘ಸ್ಪೆಸಿಫಿಕ್ ಎಕ್ಸಾಂಪಲ್’ ಕೇಳಿದರೆ ಅಂಥದ್ದನ್ನೇ ಹುಡುಕಿ. ಕೆಲವು ಉದ್ದೇಶಗಳಲ್ಲಿ ‘ಅಂಡ್’ ಹಾಕಿ ಎರಡು ಬೇಡಿಕೆ ಇಟ್ಟಿರುತ್ತಾರೆ. ಎರಡೂ ಈಡೇರಬೇಕು.

ಹಾಗಾದರೆ ನೋಟ್ಸ್ ಓದುವುದೇ ಬೇಡವಾ? ಎರಡು ಆಯ್ಕೆ ಉಳಿದು ತಲೆ ಕೆರೆದುಕೊಳ್ಳುವಾಗ ಓದಿ, ಆ ಎರಡಕ್ಕೆ ಸಂಬಂಧಪಟ್ಟ ಸಾಲನ್ನು ಮಾತ್ರ. ಇಸವಿಯೋ ಹೆಸರೋ ಅದಲುಬದಲಾಗಿದೆಯಾ ಅಂತ ನೋಡಲು ಐದು ಸೆಕೆಂಡ್ ಸಾಕು. ನಾನು ಮಾಡಿದ ಅಭ್ಯಾಸ ಪ್ರಶ್ನೆಗಳಲ್ಲಿ ಬಹುಪಾಲು ತಪ್ಪು ಆಯ್ಕೆಗಳು ನೋಟ್ಸ್‌ಗೆ ತಕ್ಕ ಹಾಗೇ ಇದ್ದವು. ಅದಕ್ಕೇ ‘ಇದು ನಿಜವಾ?’ ಅಂತ ಒಂದೊಂದನ್ನೂ ತಾಳೆ ನೋಡುತ್ತಾ ಕೂರುವುದು ದಂಡ.

ಸಮಯದ ಬಗ್ಗೆ ನನ್ನ ಪದ್ಧತಿ ಇದು. ಪರೀಕ್ಷೆ ಬರೆಯುವ ಬ್ಲೂಬುಕ್ ಆ್ಯಪ್‌ನಲ್ಲಿ ಒಂದೇ ಮಾಡ್ಯೂಲಿನೊಳಗೆ ಯಾವ ಪ್ರಶ್ನೆಗೆ ಬೇಕಾದರೂ ಜಿಗಿಯಬಹುದು. ಟೈಮರ್ ಶುರುವಾದ ಕೂಡಲೇ 27ನೇ ಪ್ರಶ್ನೆಗೆ ಹೋಗಿ ಹಿಂದೆ ಹಿಂದೆ ಬರುತ್ತೇನೆ. ನೋಟ್ಸ್ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಒಂದನೇ ಪ್ರಶ್ನೆಗೆ ವಾಪಸ್. ಒಂದಕ್ಕೆ 35ರಿಂದ 40 ಸೆಕೆಂಡ್ ಹಿಡಿಯುತ್ತದೆ, ಉಳಿದದ್ದು ಕವಿತೆಗೆ ಜಮಾ. ಮಾಡ್ಯೂಲ್ ಮುಗಿದ ಮೇಲೆ ಮಾತ್ರ ಹಿಂದಕ್ಕೆ ಹೋಗಲು ಆಗುವುದಿಲ್ಲ. ಆಯ್ಕೆಗಳನ್ನು ಹೊಡೆದು ಹಾಕುವ ಗುಂಡಿಯೂ ಇದೆ, ನಾಚಿಕೆ ಇಲ್ಲದೆ ಬಳಸಿ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಖಾಲಿ ಬಿಡಬೇಡಿ.

ಹಿಂದಿನಿಂದ ಬರುವುದು ಎಲ್ಲರಿಗೂ ಒಗ್ಗುವುದಿಲ್ಲ. ಆ ದುರ್ಗದ ಗೆಳತಿ ಒಂದರಿಂದಲೇ ಶುರು ಮಾಡುತ್ತಿದ್ದಳು, ಅವಳ ಅಂಕ ನನಗಿಂತ ಜಾಸ್ತಿ. ಎರಡು ಪ್ರಾಕ್ಟೀಸ್ ಟೆಸ್ಟ್‌ನಲ್ಲಿ ಎರಡು ಥರ ಮಾಡಿ ನೋಡಿ ತೀರ್ಮಾನಿಸಿ. ಪರೀಕ್ಷೆಯ ದಿನವೇ ಮೊದಲ ಸಲ ಪ್ರಯೋಗ ಬೇಡ.

ಕೊನೆಗೆ ಒಂದು ಪ್ರಶ್ನೆ ನಿಮಗೆ. ಇದು ಸುಮ್ನೆ ಕಟ್ಟಿದ್ದು. ಒಬ್ಬ ಹುಡುಗಿ ಮೆಕ್ಕೆಜೋಳದ ಬೀಜ ನೆನೆಸಿ ಬಿತ್ತಿದರೆ ಬೇಗ ಮೊಳಕೆ ಬರುತ್ತದಾ ಅಂತ ತಿಳಿಯಬೇಕೆಂದುಕೊಂಡಳು. ಒಂದು ಟ್ರೇಯಲ್ಲಿ ನೆನೆಸಿದ 20 ಬೀಜ, ಇನ್ನೊಂದರಲ್ಲಿ ನೆನೆಸದ 20 ಬೀಜ ಹಾಕಿದಳು. ನೆನೆಸಿದವು ಎರಡು ದಿನ ಮೊದಲೇ ಮೊಳೆತವು. ಅವಳು ಹೇಗೆ ಮಾಡಿದಳು ಅನ್ನುವುದನ್ನು ಹೇಳಬೇಕು.

ಎ) ನೆನೆಸಿದ ಬೀಜ ಎರಡು ದಿನ ಮೊದಲೇ ಮೊಳೆಯಿತು ಎಂದು ಅವಳು ಕಂಡುಕೊಂಡಳು.
ಬಿ) ನೆನೆಸಿದರೆ ಬೀಜ ಬೇಗ ಮೊಳೆಯುತ್ತದೆಯೇ ಎಂದು ತಿಳಿಯಲು ಅವಳು ಹೊರಟಳು.
ಸಿ) ಎರಡು ಟ್ರೇಗಳಲ್ಲಿ ನೆನೆಸಿದ ಮತ್ತು ನೆನೆಸದ ತಲಾ 20 ಬೀಜಗಳನ್ನು ಹಾಕಿ ಅವಳು ಹೋಲಿಸಿದಳು.
ಡಿ) ಎರಡು ಟ್ರೇಗಳಲ್ಲಿ ಒಂದರ ಬೀಜಗಳು ಇನ್ನೊಂದಕ್ಕಿಂತ ಬೇಗ ಮೊಳೆತವು.

ಸಿ ಅಂತ ನಿಮಗೆ ಆಗಲೇ ಗೊತ್ತಾಗಿರುತ್ತದೆ. ನಿಮ್ಮ ಪುಸ್ತಕದಲ್ಲಿ ಡಿ ಪಕ್ಕಕ್ಕೆ ಏನು ಬರೆಯುತ್ತೀರಿ? ಅದರಲ್ಲಿ ‘ಟ್ರೇ’ ಇದೆ, ವಿಧಾನದ ವಾಸನೆ ಇದೆ, ಆದರೆ ಹೇಳಿದ್ದು ಫಲಿತಾಂಶವನ್ನು.