ತುರಿಕೆ ನಿಂತರೆ ಹುಳುಕಡ್ಡಿ ಹೋಯಿತು ಅಂತಲ್ಲ

"ಹಚ್ಚಿದ ಎರಡೇ ದಿನಕ್ಕೆ ಕಡಿಮೆ ಆಯ್ತು ಡಾಕ್ಟ್ರೇ. ಬಿಟ್ಟ ಮೇಲೆ ಮೊದಲಿಗಿಂತ ಜಾಸ್ತಿ ಆಯ್ತು." ಹುಳುಕಡ್ಡಿ ಆದವರು ನನಗೆ ಪದೇ ಪದೇ ಹೇಳುವ ಮಾತಿದು. ಹಚ್ಚಿದ್ದೇನು ಅಂತ ನೋಡಿದರೆ ಮೂರ್ನಾಲ್ಕು ಔಷಧಿ ಬೆರೆಸಿದ ಮುಲಾಮು. ಅದರಲ್ಲೊಂದು ಸ್ಟಿರಾಯ್ಡ್, ಹೆಚ್ಚಾಗಿ ಕ್ಲೋಬೆಟಾಸೋಲ್ ಅಥವಾ ಬೀಟಾಮೆಥಾಸೋನ್.

ಎಷ್ಟು ಸಲ ಹೇಳಿದರೂ ಜನರಿಗೆ ಮನದಟ್ಟಾಗದ ವಿಷಯ ಇದು. ಹುಳುಕಡ್ಡಿ ಬರುವುದು ಫಂಗಸ್‌ನಿಂದ (ಶಿಲೀಂಧ್ರ). ಅದು ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ತಿಂದು ಬೆಳೆಯುತ್ತದೆ. ದೇಹ ಅದನ್ನು ಓಡಿಸಲು ನೋಡುತ್ತದೆ. ಆ ಜಗಳದಿಂದಲೇ ಚರ್ಮ ಕೆಂಪಾಗುವುದು, ತುರಿಸುವುದು. ಸ್ಟಿರಾಯ್ಡ್ ದೇಹದ ಕೈ ಕಟ್ಟಿಹಾಕುತ್ತದೆ, ಫಂಗಸ್ಸನ್ನಲ್ಲ. ಕೆಂಪು ಹೋಗುತ್ತದೆ, ತುರಿಕೆ ಹೋಗುತ್ತದೆ, ಫಂಗಸ್ ಹರಡುತ್ತಾ ಇರುತ್ತದೆ. ಉಂಗುರದಂಥ ಗುರುತೂ ಅಳಿಸಿ, ವೈದ್ಯರೇ ಬೇರೆ ಕಾಯಿಲೆ ಅಂದುಕೊಳ್ಳಬಹುದು. ಇದಕ್ಕೆ 1968ರಲ್ಲೇ 'ಟಿನಿಯಾ ಇನ್‌ಕಾಗ್ನಿಟೊ', ಅಂದರೆ ವೇಷ ಮರೆಸಿದ ಹುಳುಕಡ್ಡಿ, ಎಂದು ಹೆಸರಿಟ್ಟಿದ್ದಾರೆ. ತೊಡೆಸಂದಿಗೆ ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ತೆಳುವಾಗಿ ಬಿರುಕುಗೆರೆ ಬೀಳುತ್ತದೆ. ಆ ಗೆರೆ ಪೂರ್ತಿ ಮಾಯುವುದಿಲ್ಲ.

ಹಚ್ಚಿಕೊಂಡವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ದಿನದ ಕೂಲಿ ಬಿಟ್ಟು ದೂರದ ಆಸ್ಪತ್ರೆಗೆ ಹೋಗಲಾಗದವರು ಕೈಗೆ ಸಿಕ್ಕಿದ್ದನ್ನು ಹಚ್ಚುತ್ತಾರೆ. ಪರೀಕ್ಷೆ ಮಾಡದೆ ಅದನ್ನು ಕೊಡುವವರ ಮೇಲೆ ಸಿಟ್ಟು.

"ದಿನಾ ಸ್ನಾನ ಮಾಡ್ತೀನಿ, ಆದರೂ ಎಲ್ಲರೂ ಗಲೀಜು ಅಂತಾರೆ" ಎಂದು ಒಬ್ಬ ತಾಯಿ ಅತ್ತಿದ್ದರು. ಅವರು ಗಲೀಜಾಗಿರಲಿಲ್ಲ. ಇದ್ದದ್ದು ಎರಡೇ ಜೊತೆ ಬಟ್ಟೆ, ಒಗೆದದ್ದು ಒಣಗುವ ಮೊದಲೇ ಉಟ್ಟು ಬಿಸಿಲಲ್ಲಿ ದುಡಿಯಬೇಕು. ಮನೆಯವರಿಗೆಲ್ಲ ಸೇರಿ ಒಂದೇ ಟವಲು, ಮಲಗುವುದು ಒಂದೇ ಕೋಣೆಯಲ್ಲಿ. ಬೆವರು, ಹಸಿ ಬಟ್ಟೆ, ಇಕ್ಕಟ್ಟು ಇರುವಲ್ಲಿ ಫಂಗಸ್ ಬೇಗ ಹರಡುತ್ತದೆ. ಸೋಪು ಎಷ್ಟು ತಿಕ್ಕಿದರೂ ಇದು ಬದಲಾಗುವುದಿಲ್ಲ. ಅವರ ಇಬ್ಬರು ಮಕ್ಕಳಿಗೂ ಹುಳುಕಡ್ಡಿ ಇತ್ತು. ತಾಯಿಗಷ್ಟೇ ಔಷಧಿ ಕೊಟ್ಟು ಕಳಿಸಿದ್ದರೆ ಮತ್ತೆ ಅಂಟುತ್ತಿತ್ತು, ಅಲ್ವಾ? ಮೂವರಿಗೂ ಒಟ್ಟಿಗೇ ಶುರುಮಾಡಿದೆವು.

ಸ್ಟಿರಾಯ್ಡ್ ಬಿಟ್ಟ ಮೊದಲ ದಿನಗಳಲ್ಲಿ ಕೆಂಪು, ಉರಿ ಹೆಚ್ಚಬಹುದು. ಹೆದರಿ ಮತ್ತೆ ಅದನ್ನೇ ಹಚ್ಚಬೇಡಿ. ಬಹಳ ದಿನ ಹಚ್ಚಿದ್ದರೆ ಬಿಡುವ ಮೊದಲು ವೈದ್ಯರನ್ನು ಕೇಳಿ. ಫಂಗಸ್ ಔಷಧಿಯನ್ನು ಕಲೆ ಕಾಣದಾದ ಮೇಲೂ ಒಂದೆರಡು ವಾರ ಹಚ್ಚುವುದು ಸಾಮಾನ್ಯ. ಎಷ್ಟು ದಿನ ಎನ್ನುವುದು ಔಷಧಿಯ ಮೇಲೆ, ಹರಡಿದ ಜಾಗದ ಮೇಲೆ ನಿಂತಿದೆ. ಮಕ್ಕಳ ತಲೆಗೆ ಬಂದಿದ್ದರೆ ಮುಲಾಮು ಸಾಲದು, ಹೊಟ್ಟೆಗೆ ಔಷಧಿ ಬೇಕು. ಪದೇ ಪದೇ ಬರುತ್ತಿದ್ದರೆ ಸಕ್ಕರೆ ಕಾಯಿಲೆ ಇದೆಯಾ ಅಂತಲೂ ನೋಡಿಸಿಕೊಳ್ಳಿ.