ಪದ ಪರಿಚಯ: ಕಂಪ್ಯೂಟರ್ ಸೈನ್ಸ್, ಕಂಪ್ಯೂಟರ್ ಎಂಜಿನಿಯರಿಂಗ್

ಸಿಇಟಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕೋರ್ಸು, ಕಾಲೇಜುಗಳ ಪಟ್ಟಿ ತುಂಬುವ ಕೆಲಸ, ಶುರುವಾಯಿತೆಂದರೆ ಮನೆಮನೆಯಲ್ಲೂ ಇದೇ ಮಾತು: ‘ಸಿಎಸ್ ಸಿಗದಿದ್ರೆ ಐಎಸ್ ಹಾಕೋದಾ? ಇಲ್ಲಾ ಬಿಸಿಎ ಸಾಕಾ?’ ಸಲಹೆ ಕೊಡುವ ಚಿಕ್ಕಪ್ಪಂದಿರಿಗೇನೂ ಬರವಿಲ್ಲ. ಆದರೆ ಈ ಅಕ್ಷರಗಳ ಹಿಂದೆ ಯಾವ ಓದು ಇದೆ ಎಂದು ಬಿಡಿಸಿ ಹೇಳುವವರು ಕಡಿಮೆ.

ಚಹಾ ಅಂಗಡಿಯ ಕ್ಯುಆರ್ ಕೋಡನ್ನೇ ನೋಡಿ. ಎಣ್ಣೆ ಕಲೆಯಾಗಿರುತ್ತದೆ, ಒಂದು ಮೂಲೆ ಕಿತ್ತಿರುತ್ತದೆ, ಆದರೂ ಸ್ಕ್ಯಾನ್ ಆಗುತ್ತದೆ. ಅಳಿಸಿಹೋದ ಚುಕ್ಕಿಗಳನ್ನು ಉಳಿದವುಗಳ ಲೆಕ್ಕದಿಂದ ತುಂಬಿಕೊಳ್ಳುವ ಗಣಿತ ಅದರೊಳಗಿದೆ. ಹೆಚ್ಚೆಂದರೆ ಶೇ 30ರಷ್ಟು ಹಾಳಾದರೂ ಓದಲು ಬರುವಂತೆ ಕೋಡ್ ರಚಿಸಬಹುದು. ಇಂಥ ಲೆಕ್ಕದ ದಾರಿಯನ್ನು ಹುಡುಕುವುದು, ಅದು ಎಷ್ಟು ಬೇಗ ಮುಗಿಯುತ್ತದೆ ಎಂದು ಅಳೆಯುವುದು ಕಂಪ್ಯೂಟರ್ ಸೈನ್ಸ್. ಆ ಲೆಕ್ಕವನ್ನು ಬ್ಯಾಟರಿ ತಿನ್ನದೆ ಮಾಡಿ ಮುಗಿಸುವ ಚಿಪ್ಪು, ಕ್ಯಾಮೆರಾದಿಂದ ಚಿತ್ರವನ್ನು ಅದಕ್ಕೆ ತಲುಪಿಸುವ ಸರ್ಕ್ಯೂಟು ಕಂಪ್ಯೂಟರ್ ಎಂಜಿನಿಯರಿಂಗಿನ ಕೆಲಸ. ಮೊದಲನೆಯದಕ್ಕೆ ಗಣಿತ ತವರು, ಎರಡನೆಯದಕ್ಕೆ ಎಲೆಕ್ಟ್ರಿಕಲ್. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 1962ರಲ್ಲೇ ಕಂಪ್ಯೂಟರ್ ಸೈನ್ಸಿಗೆ ಪ್ರತ್ಯೇಕ ವಿಭಾಗ ತೆರೆದಿತ್ತು. ಅಲ್ಲಿ ಇಂದಿಗೂ ಈ ಎರಡು ಓದುಗಳ ನಡುವೆ ಗೆರೆ ಸಾಕಷ್ಟು ಸ್ಪಷ್ಟ.

ನಮ್ಮಲ್ಲಿ ಆ ಗೆರೆ ಅಳಿಸಿಹೋಗಿದೆ. ಬೆಳಗಾವಿಯ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಕೊಡುವ ಪದವಿಯ ಹೆಸರೇ ‘ಕಂಪ್ಯೂಟರ್ ಸೈನ್ಸ್ ಅಂಡ್ ಎಂಜಿನಿಯರಿಂಗ್’, ಚುಟುಕಾಗಿ ಸಿಎಸ್‌ಇ ಅಥವಾ ಸಿಎಸ್. ಹೆಸರಿನಲ್ಲಿ ಎರಡೂ ಇದ್ದರೂ ಪಾಠದಲ್ಲಿ ಲಾಜಿಕ್ ಡಿಸೈನ್, ಮೈಕ್ರೋಕಂಟ್ರೋಲರ್‌ನಂಥ ಕೆಲವು ಪೇಪರ್ ಬಿಟ್ಟರೆ ಮಿಕ್ಕಿದ್ದು ಬಹುತೇಕ ಸಾಫ್ಟ್‌ವೇರ್: ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ನೆಟ್‌ವರ್ಕ್. ಮುಂಬೈ, ಪುಣೆ ಕಡೆ ಇದನ್ನೇ ಹೆಚ್ಚುಕಡಿಮೆ ‘ಕಂಪ್ಯೂಟರ್ ಎಂಜಿನಿಯರಿಂಗ್’ ಎನ್ನುತ್ತಾರೆ. ಹಾಗಾಗಿ ಚಿಪ್ಪು, ಸರ್ಕ್ಯೂಟು ಎಂದರೆ ಕಣ್ಣರಳಿಸುವ ಹುಡುಗಿಗೆ ಇಲ್ಲಿ ಸರಿಯಾದ ಬಾಗಿಲು ಇಸಿ, ಅಂದರೆ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್. ಎಲ್ಲರೂ ಸಿಎಸ್ ಅಂದರು ಅಂತ ಅವಳೂ ಸಿಎಸ್ ಸೇರಿದರೆ ನಾಲ್ಕು ವರ್ಷ ಬೇರೆಯವರ ಊಟ ಉಂಡ ಹಾಗೆ.

ಇನ್ನು ಐಎಸ್, ಇನ್ಫರ್ಮೇಷನ್ ಸೈನ್ಸ್. ವಿದ್ಯಾರ್ಥಿಗೆ ವಿಟಿಯು ಕೊಡುವ ನೋಂದಣಿ ಸಂಖ್ಯೆಯಾದ ಯುಎಸ್‌ಎನ್ನಿನ ನಡುವೆ ಸಿಎಸ್ ಬದಲು ಐಎಸ್ ಎಂದು ಬರುತ್ತದೆ. ಓದುವ ಪೇಪರುಗಳಲ್ಲಿ ಹೆಚ್ಚಿನವು ಎರಡಕ್ಕೂ ಒಂದೇ. ಸಾಧಾರಣ ಕಾಲೇಜಿನ ಸಿಎಸ್‌ಗಿಂತ ಒಳ್ಳೆಯ ಕಾಲೇಜಿನ ಐಎಸ್ ವಾಸಿ ಎಂಬುದು ನನ್ನ ಎಣಿಕೆ. ಬಿ.ಇ. ಮತ್ತು ಬಿ.ಟೆಕ್. ಬಗ್ಗೆಯಂತೂ ತಲೆ ಕೆಡಿಸಿಕೊಳ್ಳಬೇಡಿ. ವಿಟಿಯು ಹೆಚ್ಚಾಗಿ ಮೊದಲನೆಯದನ್ನು ಕೊಡುತ್ತದೆ, ಐಐಟಿ, ಎನ್‌ಐಟಿಗಳು ಎರಡನೆಯದನ್ನು. ತೂಕ ಒಂದೇ.

ಎಂಜಿನಿಯರಿಂಗಿನ ಆಚೆಗೂ ದಾರಿಗಳಿವೆ. ಬಿಸಿಎ, ಅಂದರೆ ಬ್ಯಾಚುಲರ್ ಆಫ್ ಕಂಪ್ಯೂಟರ್ ಅಪ್ಲಿಕೇಷನ್ಸ್, ಪ್ರೋಗ್ರಾಮಿಂಗ್ ಮತ್ತು ಅಪ್ಲಿಕೇಷನ್ನಿಗೆ ಒತ್ತು ಕೊಡುವ ಪದವಿ. ಪಿಯುಸಿಯಲ್ಲಿ ಕಾಮರ್ಸ್ ಓದಿದವರೂ ಸೇರಬಹುದು. ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದ್ಧತಿಯನ್ನು ರಾಜ್ಯ ಸರ್ಕಾರ ಕೈಬಿಟ್ಟ ಮೇಲೆ, 2024–25ರಿಂದ ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇದು ಮತ್ತೆ ಮೂರು ವರ್ಷದ್ದು. ಅದರ ಮುಂದಿನ ಓದಾದ ಎಂಸಿಎಯೂ ಈಗ ಎರಡೇ ವರ್ಷವಾದ್ದರಿಂದ ಎರಡೂ ಸೇರಿ ಐದು ವರ್ಷಕ್ಕೆ ಸ್ನಾತಕೋತ್ತರ ಪದವಿ ಕೈಗೆ ಬರುತ್ತದೆ. ಇದನ್ನು ಸೋತವರ ದಾರಿ ಎಂದು ಮೂಗು ಮುರಿಯುವವರು ಈ ಲೆಕ್ಕ ಹಾಕಿರುವುದಿಲ್ಲ. ಬಿ.ಎಸ್ಸಿ.ಯಲ್ಲಿ ಪಿಎಂಸಿ, ಅಂದರೆ ಭೌತಶಾಸ್ತ್ರ, ಗಣಿತದ ಜೊತೆ ಕಂಪ್ಯೂಟರ್ ಸೈನ್ಸ್, ಸಂಶೋಧನೆಯ ಕಡೆ ಮನಸ್ಸಿರುವವರಿಗೆ ಗಟ್ಟಿ ಅಡಿಪಾಯ. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿ.ಇ.ಯ ಎರಡನೇ ವರ್ಷಕ್ಕೇ ಸೇರಬಹುದು. ಮನೆಯಿಂದಲೇ ಓದುವುದಾದರೆ ಐಐಟಿ ಮದ್ರಾಸಿನ ಡೇಟಾ ಸೈನ್ಸ್ ಬಿ.ಎಸ್. ಇದೆ, ಪಾಠ ಆನ್‌ಲೈನಿನಲ್ಲಿ, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು.

ಉಳಿದದ್ದು ಸಿಎಸ್‌ಇ ಹೆಸರಿನ ಮುಂದೆ ಕಂಸದಲ್ಲಿ ಬರುವ ವಿಶೇಷ ವಿಷಯಗಳ ಮಾತು: ಎಐ-ಎಂಎಲ್ (ಕೃತಕ ಬುದ್ಧಿಮತ್ತೆ, ಮಷಿನ್ ಲರ್ನಿಂಗ್), ಡೇಟಾ ಸೈನ್ಸ್, ಸೈಬರ್ ಸೆಕ್ಯೂರಿಟಿ. ಇವಕ್ಕೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಹೆಚ್ಚಿನ ಹಣ ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಮೂರನೇ ಸೆಮಿಸ್ಟರಿನಿಂದ ಕೊನೆಯವರೆಗಿನ ಪಠ್ಯಕ್ರಮ ಎದುರಿಗಿಟ್ಟುಕೊಂಡು, ಸಾದಾ ಸಿಎಸ್‌ಇಯಲ್ಲೂ ಇರುವ ಪೇಪರುಗಳನ್ನೆಲ್ಲ ಪೆನ್ಸಿಲಿನಲ್ಲಿ ಹೊಡೆದು ಹಾಕಿ. ಕೊನೆಗೆ ಎಷ್ಟು ಪೇಪರ್ ಉಳಿಯಿತೋ ಕಂಸದ ಬೆಲೆ ಅಷ್ಟೇ.