ಏಲಕ್ಕಿ ಎಣ್ಣೆಯ ಪರಿಮಳ ವರದಿಯಲ್ಲೇಕೆ ಕಾಣಲಿಲ್ಲ?

ಕಳೆದ ಮಳೆಗಾಲದಲ್ಲಿ ನಾಪೋಕ್ಲು ಕಡೆಯ ಬೆಳೆಗಾರರೊಬ್ಬರು ಏಲಕ್ಕಿ ಎಣ್ಣೆಯ ಪುಟ್ಟ ಬಾಟಲಿಯನ್ನೂ ಅದರ ಪರೀಕ್ಷಾ ವರದಿಯನ್ನೂ ನನ್ನ ಪ್ರಯೋಗಾಲಯದ ಮೇಜಿನ ಮೇಲಿಟ್ಟರು. "ಮುಚ್ಚಳ ತೆಗೆದರೆ ಮನೆಯೆಲ್ಲ ಘಮ್ಮೆನ್ನುತ್ತೆ ಮೇಡಂ. ಇದರಲ್ಲಿ ನೋಡಿದ್ರೆ ಏನೂ ಇಲ್ಲ ಅನ್ನೋ ಹಾಗೆ ಬರೆದಿದ್ದಾರೆ."

ಎಣ್ಣೆ ಚೆನ್ನಾಗಿಯೇ ಇತ್ತು. ತಪ್ಪಿದ್ದದ್ದು ಡಿಟೆಕ್ಟರ್, ಅಂದರೆ ಘಟಕಗಳನ್ನು ಗುರುತಿಸುವ ಸಾಧನದ ಆಯ್ಕೆಯಲ್ಲಿ.

ಕಾರ್ಬನ್ ಡೈಆಕ್ಸೈಡನ್ನು 31 ಡಿಗ್ರಿ ಉಷ್ಣತೆ, 74 ಬಾರ್ ಒತ್ತಡ ದಾಟಿಸಿದರೆ ಅದು ಅನಿಲದಂತೆ ಹರಿದಾಡುತ್ತ ದ್ರವದಂತೆ ಕರಗಿಸುತ್ತದೆ; ಇದೇ ಸೂಪರ್‌ಕ್ರಿಟಿಕಲ್ ಸ್ಥಿತಿ. ಸೂಪರ್‌ಕ್ರಿಟಿಕಲ್ ಕ್ರೊಮ್ಯಾಟೋಗ್ರಫಿಯಲ್ಲಿ ಎಣ್ಣೆಯ ಘಟಕಗಳನ್ನು ಕಾಲಮ್ಮೆಂಬ ಕೊಳವೆಯೊಳಗೆ ಒಂದೊಂದಾಗಿ ಬೇರ್ಪಡಿಸಿ ಹೊತ್ತು ತರುವುದು ಇದೇ. ಹೊರಬಂದದ್ದನ್ನು ಗುರುತಿಸಬೇಕಾದದ್ದು ಡಿಟೆಕ್ಟರ್. ಆ ವರದಿಯಲ್ಲಿ ಬಳಸಿದ್ದು ಯುವಿ, ಅಂದರೆ ನೇರಳಾತೀತ ಬೆಳಕಿನ ಡಿಟೆಕ್ಟರ್. ಏಲಕ್ಕಿ ಎಣ್ಣೆಯ ಮುಖ್ಯ ಘಟಕಗಳಲ್ಲೊಂದಾದ ಸಿನಿಯೋಲ್‌ನಲ್ಲಿ ಯುವಿ ಬೆಳಕನ್ನು ಹೀರುವ ದ್ವಿಬಂಧವೇ ಇಲ್ಲ. ಇನ್ನೊಂದು ಮುಖ್ಯ ಘಟಕ ಟರ್ಪಿನೈಲ್ ಅಸಿಟೇಟ್ ಹೀರುವುದೂ ಬಹಳ ಕಡಿಮೆ. ತೂಕ ನೋಡಿ ಗುರುತಿಸೋಣವೆಂದರೆ ಸಿನಿಯೋಲ್, ಲಿನಲೂಲ್, ಟರ್ಪಿನಿಯೋಲ್ ಮೂರರದ್ದೂ ಒಂದೇ ಅಣುತೂಕ, 154.

ಇನ್‌ಫ್ರಾರೆಡ್ ಬೆಳಕು ತೂಕ ಕೇಳುವುದಿಲ್ಲ, ಬಂಧಗಳ ಕಂಪನ ಕೇಳುತ್ತದೆ. ಯಾವ ಬಂಧ ಯಾವ ತರಂಗಸಂಖ್ಯೆಯ (ಒಂದು ಸೆಂಟಿಮೀಟರಿನಲ್ಲಿ ಹಿಡಿಯುವ ಅಲೆಗಳ ಎಣಿಕೆ) ಬೆಳಕನ್ನು ಹೀರುತ್ತದೆಂಬುದೇ ಅದರ ಗುರುತು. ತೊಂದರೆ ಇರುವುದು ಸಾಗಿಸುವವನಲ್ಲೇ: ಕಾರ್ಬನ್ ಡೈಆಕ್ಸೈಡ್ ಕೂಡ ಇನ್‌ಫ್ರಾರೆಡ್ ಹೀರುತ್ತದೆ. ತರಂಗಸಂಖ್ಯೆ 2350ರ ಸುತ್ತ ಪೂರ್ತಿ ಕತ್ತಲು. 3500ರಿಂದ 3800ರವರೆಗೂ ಮಸುಕು, ಮದ್ಯಸಾರದ ಗುಂಪು ಕಾಣಬೇಕಾದ ಜಾಗವೇ ಅದು. ಒತ್ತಡ ಹೆಚ್ಚಿದಂತೆ 1225ರಿಂದ 1475ರ ನಡುವೆಯೂ ಮಬ್ಬು. ಜುಲೈಯಲ್ಲಿ ಮಡಿಕೇರಿ ಘಾಟಿ ಇಳಿದವರಿಗೆ ಇದು ಅರ್ಥವಾಗುತ್ತದೆ. ಮಂಜಿನ ನಡುವೆ ರಸ್ತೆ ತೆರೆದಲ್ಲಿ ಮಾತ್ರ ನೋಡಬೇಕು. ಅದೃಷ್ಟಕ್ಕೆ ಅಸಿಟೇಟಿನ ಕಾರ್ಬೊನಿಲ್ ಕಾಣುವ 1735, ಸಿನಿಯೋಲ್‌ನ ಈಥರ್ ಕಾಣುವ 1080 ಮತ್ತು 985 ಮೂರೂ ತೆರೆದ ಜಾಗದಲ್ಲಿವೆ. ಹಾಗಾಗಿ ಆ ಎಣ್ಣೆಯನ್ನು ಹೆಚ್ಚಿನ ಒತ್ತಡ ತಾಳುವ, ಜಿಂಕ್ ಸೆಲೆನೈಡ್ ಕಿಟಕಿಯ ಹರಿವು ಕೋಶದಲ್ಲಿ ಹಾಯಿಸಿದರೆ ಸಾಕು. ಒಂದು ಪರೀಕ್ಷೆಯ ಓಟದ ನಡುವೆ ಒತ್ತಡ ಏರಿಸುವಾಗ ಮಾತ್ರ ಎಚ್ಚರ ಬೇಕು: ಸಾಂದ್ರತೆ ಬದಲಾಗಿ ಕಾರ್ಬನ್ ಡೈಆಕ್ಸೈಡಿನದೇ ಆದ ಹಿನ್ನೆಲೆಯೂ ಸರಿಯುತ್ತದೆ, ಓಟದ ಆರಂಭದಲ್ಲಿ ಹಿಡಿದ ಹಿನ್ನೆಲೆಯನ್ನು ಕೊನೆಯವರೆಗೆ ಕಳೆಯುತ್ತ ಹೋದರೆ ಇಲ್ಲದ ಪಟ್ಟಿಗಳು ಹುಟ್ಟುತ್ತವೆ.

ಕಾರ್ಬನ್ ಡೈಆಕ್ಸೈಡಿನ ಬದಲು ಕ್ಸೆನಾನ್ ಬಳಸಿದರೆ ಮಬ್ಬೇ ಇಲ್ಲ. ಒಂಟಿ ಪರಮಾಣುವಿನಲ್ಲಿ ಕಂಪಿಸಲು ಬಂಧವೆಲ್ಲಿ? 16.6 ಡಿಗ್ರಿ, 58 ಬಾರ್‌ಗೇ ಅದು ಸೂಪರ್‌ಕ್ರಿಟಿಕಲ್ ಆಗುತ್ತದೆ. ಆದರೆ ಗಾಳಿಯ ಒಂದು ಕೋಟಿ ಭಾಗದಲ್ಲಿ ಒಂದು ಭಾಗವೂ ಸಿಗದ ಅನಿಲ, ಬೆಲೆ ನಮ್ಮಂಥ ಪ್ರಯೋಗಾಲಯಗಳಿಗೆ ಎಟುಕುವುದಿಲ್ಲ.

ಕರಿಮೆಣಸಿನ ಕತೆ ಬೇರೆ. ಅದರ ಖಾರದ ಘಟಕ ಪೈಪರಿನ್ ಹೊರಬರಲು ಕಾರ್ಬನ್ ಡೈಆಕ್ಸೈಡಿಗೆ ಮೆಥನಾಲ್ ಬೆರೆಸಬೇಕು, ಮೆಥನಾಲ್ ಇನ್‌ಫ್ರಾರೆಡ್‌ಗೆ ತೆರೆದಿದ್ದ ಜಾಗಗಳನ್ನೂ ಮುಚ್ಚಿಬಿಡುತ್ತದೆ. ಅಲ್ಲಿ ಹೊರಬಂದದ್ದನ್ನು ಮೆಲ್ಲಗೆ ಸರಿಯುವ ತಟ್ಟೆಯ ಮೇಲೆ ಸಿಂಪಡಿಸಿ, ದ್ರಾವಕ ಆರಿದ ಮೇಲೆ ಉಳಿದ ಚುಕ್ಕೆಗಳನ್ನು ಇನ್‌ಫ್ರಾರೆಡ್‌ನಲ್ಲಿ ಓದುವುದು ಸರಿ. ಅನಿಲ ಹಿಗ್ಗುವಾಗ ನಳಿಕೆಯ ತುದಿ ಹೆಪ್ಪುಗಟ್ಟುವುದರಿಂದ ಅದನ್ನು ಬಿಸಿ ಇಡಬೇಕು. ಇದೇ ವಿಧಾನಕ್ಕೆ ಏಲಕ್ಕಿ ಎಣ್ಣೆ ಕೊಟ್ಟರೆ ದ್ರಾವಕದ ಜೊತೆ ಸಿನಿಯೋಲೂ ಆರಿಹೋಗುತ್ತದೆ, ಮತ್ತೆ ಖಾಲಿ ವರದಿ. ತಟ್ಟೆ ಪೊಟ್ಯಾಸಿಯಂ ಬ್ರೋಮೈಡಿನದಾಗಿದ್ದರೆ ಕೊಡಗಿನ ಮಳೆಗಾಲದಲ್ಲಿ ತೇವ ಕುಡಿದು ಹಾಲುಬಣ್ಣಕ್ಕೆ ತಿರುಗುತ್ತದೆ. ನಾನು ಜಿಂಕ್ ಸೆಲೆನೈಡನ್ನೇ ಹಿಡಿಯುತ್ತೇನೆ. ಉಪಕರಣದೊಳಗೆ ಒಣ ನೈಟ್ರೋಜನ್ ಹರಿಸದಿದ್ದರೆ ಗಾಳಿಯ ನೀರಾವಿ ಕಾರ್ಬೊನಿಲ್ ಜಾಗದಲ್ಲೇ ಗೀಚಿಟ್ಟಂತೆ ಕಾಣುತ್ತದೆ.

ಬಾಟಲಿ ವಾಪಸು ಒಯ್ಯುವಾಗ ಅವರು ಮೆಣಸಿನ ಸಾರವನ್ನೂ ತರಲೇ ಎಂದು ಕೇಳಿದರು. ತನ್ನಿ, ಕಂದು ಬಾಟಲಿಯಲ್ಲಿ ತನ್ನಿ ಎಂದೆ. ಬೆಳಕು ಬಿದ್ದರೆ ಪೈಪರಿನ್ ತನ್ನ ತೂಕ ಬದಲಿಸದೆ ಆಕಾರ ಬದಲಿಸುತ್ತದೆ, ಆ ಬದಲಾವಣೆಯೂ ನನ್ನ ತಟ್ಟೆಯ ಮೇಲೆ ಕಾಣುತ್ತದೆ.